ದೇವನಹಳ್ಳಿಯ ಟಿಪ್ಪು: ಎರಡು ಗಡಿಯಾರ, ಒಂದು ಹಿಡಿಕೆ

ಜಂಗಮಕೋಟೆಯಿಂದ ವಿಜಯಪುರ ದಾಟಿ ಬೆಂಗಳೂರು ಕಡೆ ಹೊರಟರೆ ದೇವನಹಳ್ಳಿ ಸಿಗುತ್ತೆ. 1750ರ ನವೆಂಬರಿನಲ್ಲಿ ಹೈದರಾಲಿಯ ಮಗ ಟಿಪ್ಪು ಹುಟ್ಟಿದ್ದು ಅಲ್ಲೇ. ಟಿಪ್ಪು ಹೆಸರು ತೆಗೆದ್ರೆ ಹಾಸ್ಟೆಲ್‌ನಲ್ಲೂ ಜಗಳ ಶುರು, ಗೊತ್ತು. ಆ ಜಗಳ ಇಲ್ಲಿ ಬೇಡ. ಡ್ರಮ್ ಮಷೀನು, ಸಿಂಥು ಎರಡನ್ನೂ ಒಂದೇ ತಾಳಕ್ಕೆ ತರೋಕೆ ಫೆಸ್ಟ್ ಹಿಂದಿನ ರಾತ್ರಿ ಒದ್ದಾಡುವವರಿಗೆ ಈ ಮನುಷ್ಯನ ಬದುಕಿನಲ್ಲಿ ಬೇರೆಯೇ ಸರಕಿದೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಎರಡೂ ಯಂತ್ರದಲ್ಲಿ ವೇಗ 120 ಅಂತ ಇಟ್ಟು, ಎರಡನ್ನೂ ಅವವುಗಳ ಸ್ವಂತ ಗಡಿಯಾರದ ಮೇಲೆ ಬಿಡ್ತೀರಿ. ಒಂದರದ್ದು ನಿಜಕ್ಕೂ 119.9 ಆಗಿದ್ರೆ 10 ನಿಮಿಷಕ್ಕೆ ಪೂರ್ತಿ ಒಂದು ಬಡಿತ ಹಿಂದೆ ಬೀಳುತ್ತೆ. ಹಾಡು ಶುರುವಾದಾಗ ಯಾರಿಗೂ ಗೊತ್ತಾಗಲ್ಲ, ಅದೇ ತೊಂದರೆ. ಇದಕ್ಕೇ ಮಿಡಿಯಲ್ಲಿ ಒಂದು ಯಂತ್ರವನ್ನು ಯಜಮಾನ ಮಾಡಿ, ಬಡಿತಕ್ಕೆ 24 ಮಿಡಿತ ಕಳಿಸಿ, ಇನ್ನೊಂದನ್ನು ಹೊರಗಿನ ಗಡಿಯಾರಕ್ಕೆ ಹಾಕೋದು. ಆದರೆ ಮಿಡಿತ ಹೇಳೋದು ವೇಗ ಮಾತ್ರ. ಹಾಡಿನಲ್ಲಿ ಈಗ ಎಲ್ಲಿದ್ದೀವಿ ಅನ್ನೋದಕ್ಕೆ ಸ್ಟಾರ್ಟ್, ಸ್ಟಾಪ್, ಕಂಟಿನ್ಯೂ ಅಂತ ಬೇರೆ ಸಂದೇಶಗಳಿವೆ. ಮೃದಂಗ ಕಲಿತವರಿಗೆ ಬೇಗ ಹೊಳೆಯುತ್ತೆ: ಲಯ ಬೇರೆ, ಸಮ ಎಲ್ಲಿ ಬೀಳುತ್ತೆ ಅನ್ನೋದು ಬೇರೆ.

ಟಿಪ್ಪು ಪಟ್ಟಕ್ಕೆ ಬಂದದ್ದೇ ಇಂಥ ಒಂದು ಗಳಿಗೆಯಲ್ಲಿ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಮಗ ಮಲಬಾರಿನ ಕಡೆ ಯುದ್ಧದಲ್ಲಿದ್ದ. ಮಂತ್ರಿಗಳು ಸಾವಿನ ಸುದ್ದಿ ಮುಚ್ಚಿಟ್ಟರು. ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿದರು. ಪಾಳೆಯ ಎಂದಿನಂತೆ ನಡೀತಾ ಇತ್ತು, ಯಜಮಾನ ಮಾತ್ರ ಇರಲಿಲ್ಲ. ಟಿಪ್ಪು ಬಂದು ಸೇರಿದ ಮೇಲೆಯೇ ಅಧಿಕಾರ ಕೈ ಬದಲಾಯಿತು.

1784ರ ಮಂಗಳೂರು ಒಪ್ಪಂದದಿಂದ ಆ ಯುದ್ಧ ಮುಗೀತು. ಆಮೇಲೆ ಅವನು ಕೈಹಾಕಿದ್ದು ಪಂಚಾಂಗಕ್ಕೆ. ಹಿಜರಿ ವರ್ಷ ಶುದ್ಧ ಚಾಂದ್ರಮಾನ, ಸುಮಾರು 354 ದಿನ. ಮಳೆ, ಬಿತ್ತನೆ, ಕೊಯ್ಲು ಎಲ್ಲ ಸೂರ್ಯನ 365 ದಿನದ ಲೆಕ್ಕ. ವರ್ಷಕ್ಕೆ 11 ದಿನ ಜಾರಿದರೆ ಮೂರು ವರ್ಷಕ್ಕೆ ಒಂದು ತಿಂಗಳು ಆಚೀಚೆ. ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗಲೇ ಲೆಕ್ಕದ ಪುಸ್ತಕದಲ್ಲಿ ಕೊಯ್ಲಿನ ತಿಂಗಳು ಕಳೆದುಹೋಗಿರುತ್ತೆ. ನಮ್ಮ ಪಂಚಾಂಗ ಅಧಿಕಮಾಸ ಸೇರಿಸಿ ಇದನ್ನು ಸರಿಮಾಡಿಕೊಳ್ಳುತ್ತೆ. ಟಿಪ್ಪು ತನ್ನ ಹೊಸ ಪಂಚಾಂಗದಲ್ಲೂ ಅದೇ ಉಪಾಯ ಇಟ್ಟ. ಹೆಸರುಗಳು ಅವನವೇ: ಚೈತ್ರದ ಜಾಗದಲ್ಲಿ ಅಹ್ಮದಿ. ಅರವತ್ತು ಸಂವತ್ಸರಗಳ ಚಕ್ರವನ್ನೂ ಬಿಡಲಿಲ್ಲ, ಅದಕ್ಕೂ ಬೇರೆ ಹೆಸರು ಕೊಟ್ಟ. ಚಂದ್ರನ ವೇಗ ಯಾರೂ ಬದಲಾಯಿಸೋಕಾಗಲ್ಲ, ಆಗಾಗ ಒಂದು ತಿಂಗಳು ತುರುಕಿ ಸಮಕ್ಕೆ ತರಬಹುದು, ಅಷ್ಟೇ. ನನ್ನ ಮಟ್ಟಿಗೆ ಅವನ ಆಡಳಿತದ ಅತ್ಯಂತ ಎಂಜಿನಿಯರ್ ಕೆಲಸ ಇದು. ರಾಕೆಟ್ಟಿಗಿಂತಲೂ.

1787ರಲ್ಲಿ ಇನ್ನೊಂದು ಹೆಜ್ಜೆ. ಎಣಿಕೆಯನ್ನು ಹಿಜರಿಯಿಂದ ಮೌಲೂದಿ ಶಕೆಗೆ ಬದಲಾಯಿಸಿದ. ನಾಣ್ಯದ ಮೇಲಿನ ಇಸವಿ 1200ರಿಂದ ಒಮ್ಮೆಲೇ 1215ಕ್ಕೆ ಜಿಗಿಯಿತು. ಸಾಲದ್ದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಅಚ್ಚುಹಾಕಿಸಿದ. ಲಿಟಲ್ ಎಂಡಿಯನ್ ಅನ್ನಿ! ಇವತ್ತು ಆ ನಾಣ್ಯ ಓದುವವರು ಜಿಗಿತ, ದಿಕ್ಕು ಎರಡನ್ನೂ ನೆನಪಿಟ್ಟುಕೊಂಡೇ ಲೆಕ್ಕ ಹಾಕಬೇಕು. ವೇಗ ಸರಿಯಿದ್ದೂ ಸ್ಥಾನ ತಪ್ಪುವುದು ಅಂದರೆ ಇದೇ.

1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ 16ನೇ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನು ಕೇಳಿದರು. ಕೇಳಿದ್ದರಲ್ಲಿ ಗಡಿಯಾರ ಮಾಡುವವರೂ ಇದ್ದರು. 1792ರಲ್ಲಿ ಸೋಲು: ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಕಾರ್ನ್‌ವಾಲಿಸನ ಒತ್ತೆಯಾದರು. ಆ ಕಾಲದಲ್ಲೇ ಮೈಸೂರಿನಲ್ಲಿ ತಯಾರಾದದ್ದು ಆ ಪ್ರಸಿದ್ಧ ಮರದ ಹುಲಿ, ಹೆಚ್ಚೂಕಡಿಮೆ ಆಳುದ್ದದ್ದು, ಬಿಳಿಯನೊಬ್ಬನ ಮೇಲೆ ಎರಗಿರುವಂಥದ್ದು.

ಅದರ ಪಕ್ಕದಲ್ಲಿ ಒಂದು ಹಿಡಿಕೆ. ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಒಂದು ಕೊಳವೆಯಿಂದ ಮನುಷ್ಯನ ಚೀರಾಟ, ಹುಲಿಯ ತಲೆಯೊಳಗಿನ ಇನ್ನೊಂದರಿಂದ ಗುಟುರು. ಅವನ ಎಡಗೈ ಏಳುತ್ತೆ, ಬೀಳುತ್ತೆ, ಅದರ ಜೊತೆಗೇ ಚೀರಾಟದ ಶ್ರುತಿಯೂ ಏರಿಳಿಯುತ್ತೆ. ಹಿಡಿಕೆ ಜೋರಾಗಿ ತಿರುಗಿಸಿ, ಮೆಲ್ಲಗೆ ತಿರುಗಿಸಿ, ಇವುಗಳ ಹೊಂದಾಣಿಕೆ ಕೆಡಲ್ಲ. ಯಾಕಂದ್ರೆ ಗಡಿಯಾರ ಒಂದೇ. ನಿಲ್ಲಿಸಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತೆ. ಆದರೆ ಹುಲಿಯ ಪಕ್ಕೆಯಲ್ಲಿ 18 ಕೀಲಿಗಳ ಪುಟ್ಟ ಆರ್ಗನ್ ಇದೆ ನೋಡಿ, ಅದರ ಕೀಲಿ ಒತ್ತುವುದು ಕೈಬೆರಳು. ಗುಟುರಿನ ತಾಳಕ್ಕೂ ಅಲ್ಲಿ ನುಡಿಸುವ ರಾಗಕ್ಕೂ ಒಳಗೆ ಯಾವ ತಂತಿಯೂ ಇಲ್ಲ. ನುಡಿಸುವವನು ಕಿವಿಗೊಟ್ಟು ಹೊಂದಿಸಿಕೊಳ್ಳಬೇಕು. ಸಿಂಥಿಗೆ ಕೇಬಲ್ ಹಾಕೋದು ಮರೆತು ಕೈಯಲ್ಲೇ ತಾಳ ಹಿಡಿಯುವ ನಮ್ಮ ಕೀಬೋರ್ಡ್ ವಾದಕರ ಹಾಗೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಸತ್ತ. ಅರಮನೆಯ ಸಂಗೀತ ವಾದ್ಯಗಳ ಕೋಣೆಯಲ್ಲಿ ಹುಲಿ ಸಿಕ್ಕಿತು. ಅದನ್ನು ಲಂಡನ್ನಿಗೆ ಸಾಗಿಸಿ, 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರ ನೋಟಕ್ಕಿಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿದ್ದೇ ತಿರುಗಿಸಿದ್ದು, ಪಕ್ಕದಲ್ಲಿ ಓದುತ್ತಾ ಕೂತವರಿಗೆ ತಲೆ ಚಿಟ್ಟುಹಿಡಿಯಿತು. ಕೊನೆಗೆ ಹಿಡಿಕೆಯೇ ಕಾಣೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಚಾವಣಿ ಕುಸಿದು ಹುಲಿ ಚೂರುಚೂರಾಯಿತು, 1947ರಲ್ಲಿ ಜೋಡಿಸಿದರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಗಾಜಿನ ಒಳಗಿದೆ.