ಪಂಡಿತ ಭಗವಾನ್‌ಲಾಲ್ ಇಂದ್ರಜಿ ಮತ್ತು ನಾಣೇಘಾಟ್

1839ರಲ್ಲಿ ಜುನಾಗಢದಲ್ಲಿ ಜನಿಸಿದ ಭಗವಾನ್‌ಲಾಲ್ ಇಂದ್ರಜಿ ಗಿರ್ನಾರಿನ ಬಂಡೆಗಲ್ಲಿನ ಶಾಸನಗಳಿಂದ ಪ್ರಾಚೀನ ಲಿಪಿಯಲ್ಲಿ ಆಸಕ್ತಿ ತಳೆದು, ಮುಂಬಯಿಯ ಭಾವು ದಾಜಿಯವರ ಸಹಾಯಕರಾಗಿ ಶಾಸನಶೋಧಕ್ಕೆ ತೊಡಗಿದರು. ಕೊಂಕಣದಿಂದ ಜುನ್ನರಿಗೆ ಏರುವ ನಾಣೇಘಾಟಿನ ಗುಹೆಯಲ್ಲಿರುವ, ಯಜ್ಞದಕ್ಷಿಣೆಗಳನ್ನು ದಾಖಲಿಸಿದ ಸಾತವಾಹನ ಶಾಸನವನ್ನು ಅಭ್ಯಸಿಸಿ, ಅದರ ಅಂಕಿಗಳನ್ನು ಓದಿದರು. ಘಟ್ಟದ ನೆತ್ತಿಯ ಗುಹೆಯೂ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳೂ ಆ ತಾಣವು ಸಾರ್ಥವಾಹರ ತಂಗುದಾಣವೂ ಆಗಿದ್ದಿತೆಂಬುದನ್ನು ಸೂಚಿಸುತ್ತವೆ. 1882ರಲ್ಲಿ ಅವರು ಸೋಪಾರಾದಲ್ಲಿ ಸ್ತೂಪವನ್ನು ಅಗೆದುದರಿಂದ ಘಟ್ಟದ ಕೆಳಗಿನ ಪ್ರಾಚೀನ ಬಂದರು ಬೆಳಕಿಗೆ ಬಂದಿತು. ಇಂಗ್ಲಿಷಿನಲ್ಲಿ ಬರೆಯದ ಅವರ ಗುಜರಾತಿ ಲೇಖನಗಳು ಬ್ಯೂಲರ್ ಮೊದಲಾದವರ ಅನುವಾದದ ಮೂಲಕವೇ ವಿದ್ವಲ್ಲೋಕವನ್ನು ತಲುಪಿದವು. ಆದರೂ 1884ರಲ್ಲಿ ಲೈಡನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1888ರಲ್ಲಿ ನಿಧನರಾದ ಅವರ ಸಾಧನೆ, ದೇಶಭಾಷೆಯ ವಿದ್ವತ್ತು ಪರಭಾಷೆಯ ಹಂಗಿಲ್ಲದೆಯೂ ಇತಿಹಾಸವನ್ನು ತಿದ್ದಬಲ್ಲುದೆಂಬುದಕ್ಕೂ, ಮನ್ನಣೆಗೆ ಮಾತ್ರ ಆ ಹಂಗು ತಪ್ಪಲಿಲ್ಲವೆಂಬುದಕ್ಕೂ ನಿದರ್ಶನವಾಗಿದೆ.