ಮಹಾರಾಣಿ ಲಕ್ಷ್ಮಮ್ಮಣ್ಣಿಯವರು

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಓದಿದವರಿಗೆ ಹೈದರ್ ಅಲಿ, ಟಿಪ್ಪು ಸುಲ್ತಾನ್, ದಿವಾನ್ ಪೂರ್ಣಯ್ಯ, ಮುಮ್ಮಡಿ ಕೃಷ್ಣರಾಜ ಒಡೆಯರು ಇವರ ಹೆಸರುಗಳು ಸುಪರಿಚಿತವಾಗಿವೆ. ಈ ನಾಲ್ವರ ಕಾಲವನ್ನೂ ಅರಮನೆಯ ಒಳಗಿನಿಂದ ಕಂಡ ಒಬ್ಬ ಮಹಿಳೆಯಿದ್ದರು. ಅವರೇ ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾದ ಲಕ್ಷ್ಮಮ್ಮಣ್ಣಿಯವರು. ಕೈತಪ್ಪಿದ ರಾಜ್ಯವನ್ನು ಮರಳಿ ಪಡೆಯಲು ಅವರು ಮೂರು ದಶಕಗಳಿಗೂ ಮೀರಿ ನಡೆಸಿದ ಪ್ರಯತ್ನವನ್ನು ಇತಿಹಾಸಕಾರರೆಲ್ಲರೂ ವರ್ಣಿಸಿದ್ದಾರೆ. ಆದರೆ ಅವರ ಬಾಳಿನ ಸಂಧ್ಯೆಯಲ್ಲಿ ನಡೆದ ಇನ್ನೊಂದು ಘಟನೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದು ಯುದ್ಧವೂ ಅಲ್ಲ, ಒಪ್ಪಂದವೂ ಅಲ್ಲ. ಎಳೆಯ ತೋಳೊಂದರ ಮೇಲೆ ಸೂಜಿಯ ಮೊನೆಯಿಂದ ಮಾಡಿದ ಒಂದು ಸಣ್ಣ ಗಾಯ.

ಲಕ್ಷ್ಮಮ್ಮಣ್ಣಿಯವರು ಕತ್ತಿ ಗೋಪಾಲರಾಜ ಅರಸರ ಪುತ್ರಿ. ಅವರು ಅರಮನೆಯ ಸೊಸೆಯಾಗಿ ಬಂದ ಕಾಲದಲ್ಲಿ ಒಡೆಯರ ಅಧಿಕಾರವು ಹೆಸರಿಗೆ ಮಾತ್ರ ಉಳಿದಿತ್ತು. ಮೊದಲು ದಳವಾಯಿಗಳು ಆಳಿದರು. 1761ರ ವೇಳೆಗೆ ಹೈದರ್ ಅಲಿಯು ಸರ್ವಾಧಿಕಾರವನ್ನು ಕೈಗೆ ತೆಗೆದುಕೊಂಡನು. 1766ರಲ್ಲಿ ಇಮ್ಮಡಿ ಕೃಷ್ಣರಾಜರು ತೀರಿಕೊಂಡರು. ಅವರ ಬಳಿಕ ಪಟ್ಟಕ್ಕೆ ಬಂದ ನಂಜರಾಜ ಒಡೆಯರು 1770ರಲ್ಲಿ, ಬೆಟ್ಟದ ಚಾಮರಾಜ ಒಡೆಯರು 1776ರಲ್ಲಿ ಕಾಲವಶರಾದರು. ಸಂತಾನವಿಲ್ಲದ ಸಿಂಹಾಸನಕ್ಕೆ ಹೈದರನು ಅರಸು ಮನೆತನಗಳ ಮಕ್ಕಳಲ್ಲಿ ಒಬ್ಬನನ್ನು ಆರಿಸಿದನು. ಆಟಿಕೆಗಳ ರಾಶಿಯಲ್ಲಿ ಕಠಾರಿಯನ್ನು ಎತ್ತಿಕೊಂಡ ಬಾಲಕನನ್ನು ಅವನು ಮೆಚ್ಚಿದನೆಂಬ ಕಥೆಯುಂಟು. ಕಥೆ ಹೇಗಾದರೂ ಇರಲಿ, ಆ ಬಾಲಕನು ಖಾಸಾ ಚಾಮರಾಜ ಒಡೆಯರೆಂಬ ಹೆಸರಿನಿಂದ ಪಟ್ಟವೇರಿದನು. ಅವನು ರಾಣಿಯವರ ದತ್ತುಪುತ್ರನೆನಿಸಿದನು.

ರಾಣಿಯವರು ಕೈಕಟ್ಟಿ ಕುಳಿತವರಲ್ಲ. ಕಾವಲಿನ ನಡುವೆ ಇದ್ದುಕೊಂಡೇ ಅವರು ಮದರಾಸಿನ ಇಂಗ್ಲಿಷರೊಡನೆ ಗುಪ್ತವಾಗಿ ಸಂಪರ್ಕವನ್ನು ಬೆಳೆಸಿದರು. ತಿರುಮಲರಾವ್ ಮತ್ತು ನಾರಾಯಣರಾವ್ ಎಂಬ ಪ್ರಧಾನ ಸಹೋದರರು ಅವರ ದೂತರಾಗಿದ್ದರು. 1782ರಲ್ಲಿ ತಿರುಮಲರಾಯನು ರಾಣಿಯವರ ಪರವಾಗಿ ಕಂಪನಿಯೊಡನೆ ಕೌಲೊಂದನ್ನು ಮಾಡಿಕೊಂಡನು. ಆದರೆ 1784ರ ಮಂಗಳೂರು ಒಪ್ಪಂದದಲ್ಲಿ ಒಡೆಯರ ಹೆಸರೇ ಬರಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿಯೂ ಹಾಗೆಯೇ ಆಯಿತು. ಇಂಗ್ಲಿಷರಿಗೆ ತಮ್ಮ ಲಾಭವೇ ಮೊದಲಾಗಿತ್ತೆಂಬುದನ್ನು ರಾಣಿಯವರು ಈ ಎರಡು ಪೆಟ್ಟುಗಳಿಂದ ಅರಿಯದೆ ಇರಲಾರರು.

ಮೂರನೆಯ ಪೆಟ್ಟು ಶತ್ರುಗಳಿಂದ ಬಂದುದಲ್ಲ. 1796ರ ಏಪ್ರಿಲಿನಲ್ಲಿ ಖಾಸಾ ಚಾಮರಾಜ ಒಡೆಯರು ಸಿಡುಬಿಗೆ ತುತ್ತಾದರು. ಆಗ ಅವರಿಗೆ ವಯಸ್ಸು ಕೇವಲ 22. ಅವರ ಮಗ ಕೃಷ್ಣರಾಜನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಟಿಪ್ಪು ಆ ಮಗುವಿಗೆ ಪಟ್ಟ ಕಟ್ಟಲಿಲ್ಲ. ಅರಮನೆಯ ಸೊತ್ತನ್ನು ತೆಗೆದುಕೊಂಡು ರಾಜಕುಟುಂಬವನ್ನು ಶ್ರೀರಂಗಪಟ್ಟಣದ ಒಂದು ಸಾಧಾರಣ ಮನೆಯಲ್ಲಿ ಇರಿಸಿದನು. ಒಂದು ವಂಶದ ಆಸೆಯೆಲ್ಲವೂ ಆ ಒಂದು ಕೂಸಿನ ಮೇಲೆ ನಿಂತಿತ್ತು. ಯಾವ ರೋಗವು ತಂದೆಯನ್ನು ಕೊಂಡೊಯ್ದಿತೋ ಅದು ಮಗನ ಹೊಸ್ತಿಲಿಗೆ ಯಾವ ದಿನ ಬೇಕಾದರೂ ಬರಬಹುದಾಗಿತ್ತು.

ಆ ಕಾಲದ ಸಿಡುಬು ಎಂತಹದೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಕಲೆಗಳು ಉಳಿಯುತ್ತಿದ್ದುವು. ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ನಮ್ಮ ಜನ ಅದನ್ನು ರೋಗವೆನ್ನಲು ಅಂಜಿ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟಿ, ಮಾರಿಯಮ್ಮನಿಗೆ ತಂಪು ಮಾಡಿ, ಅವಳು ಶಾಂತಳಾಗಿ ಹೊರಟುಹೋಗುವುದನ್ನು ಕಾಯುತ್ತಿದ್ದರು. ಇದಲ್ಲದೆ ಭಾರತದ ಕೆಲವು ಪ್ರಾಂತಗಳಲ್ಲಿ ರೋಗಿಯ ಬೊಕ್ಕೆಯ ಕೀವನ್ನೇ ಆರೋಗ್ಯವಂತರ ಚರ್ಮಕ್ಕೆ ಚುಚ್ಚುವ ಪದ್ಧತಿಯೂ ಇತ್ತು. ಅದರಿಂದ ಬರುವ ಸಿಡುಬು ಸಾಮಾನ್ಯವಾಗಿ ಸೌಮ್ಯವಾಗಿರುತ್ತಿತ್ತು. ಒಮ್ಮೆ ಬಂದು ಹೋದರೆ ಮತ್ತೆ ಬರುತ್ತಿರಲಿಲ್ಲ. ಆದರೆ ಚುಚ್ಚಿಸಿಕೊಂಡವರಲ್ಲಿ ಕೆಲವರು ಸಾಯುವುದೂ ಉಂಟು, ಅವರಿಂದ ನೆರೆಹೊರೆಗೆ ನಿಜವಾದ ಸಿಡುಬೇ ಹರಡುವುದೂ ಉಂಟು.

ಚಾಮರಾಜರು ತೀರಿಕೊಂಡ ಮರುತಿಂಗಳೇ, ಎಂದರೆ 1796ರ ಮೇ 14ರಂದು, ಇಂಗ್ಲೆಂಡಿನ ಬರ್ಕ್ಲಿ ಎಂಬ ಊರಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಎಂಟು ವರ್ಷದ ಒಬ್ಬ ಹುಡುಗನಿಗೆ ಹಸುವಿನ ಸಿಡುಬಿನ ರಸವನ್ನು ಚುಚ್ಚಿದನು. ಹಾಲು ಕರೆಯುವ ಹೆಂಗಸರಿಗೆ ಕೈಯಲ್ಲಿ ಬರುವ ಈ ಸೌಮ್ಯವಾದ ಬೊಕ್ಕೆಯು ಮಾರಕ ಸಿಡುಬಿನಿಂದ ಅವರನ್ನು ಕಾಪಾಡುವುದೆಂಬ ಹಳ್ಳಿಗರ ನಂಬಿಕೆಯನ್ನು ಅವನು ಪರೀಕ್ಷೆಗೆ ಒಡ್ಡಿದ್ದನು. ಬಳಿಕ ಆ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಚುಚ್ಚಿದರೂ ರೋಗ ತಗುಲಲಿಲ್ಲ. ಮೈಸೂರಿಗೆ ಈ ವಾರ್ತೆಯು ತಲುಪಲು ಇನ್ನೂ ಹಲವು ವರ್ಷಗಳು ಬೇಕಾಗಿದ್ದುವು.

ಅಷ್ಟರಲ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪು ಹೋರಾಡುತ್ತ ಮಡಿದನು. ಕಂಪನಿಯ ಅಧಿಕಾರಿಗಳು ಒಡೆಯರ ಮನೆತನಕ್ಕೆ ರಾಜ್ಯದ ಒಂದು ಭಾಗವನ್ನು ಮರಳಿಸಲು ನಿಶ್ಚಯಿಸಿದರು. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಕೃಷ್ಣರಾಜನಿಗೆ ಪಟ್ಟಾಭಿಷೇಕವಾಯಿತು. ಹಳೆಯ ಅರಮನೆಯು ಇಲ್ಲದೆ ಹೋಗಿದ್ದುದರಿಂದ ಉತ್ಸವವನ್ನು ಚಪ್ಪರದಲ್ಲಿ ನಡೆಸಬೇಕಾಯಿತು. ಪೂರ್ಣಯ್ಯನವರು ದಿವಾನರಾದರು. ಅಜ್ಜಿಯು ಮೊಮ್ಮಗನ ಪಾಲನೆಯ ಹೊಣೆಯನ್ನು ಹೊತ್ತರು.

ಗೋಸಿಡುಬಿನ ರಸವು ಭಾರತಕ್ಕೆ ಬಂದ ಬಗೆ ಸ್ವಾರಸ್ಯವಾಗಿದೆ. ಅದನ್ನು ಒಣಗಿಸಿ ಹಡಗಿನಲ್ಲಿ ತಂದರೆ ಉಷ್ಣಪ್ರದೇಶದ ಬಿಸಿಗೆ ಸತ್ತ್ವ ಹೋಗುತ್ತಿತ್ತು. ಆದುದರಿಂದ ಒಂದು ಮಗುವಿಗೆ ಚುಚ್ಚಿ, ಎಂಟನೆಯ ದಿನದ ಸುಮಾರಿಗೆ ಏಳುವ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಮಗುವಿಗೆ ಚುಚ್ಚಿ, ಹೀಗೆ ತೋಳಿನಿಂದ ತೋಳಿಗೆ ಸಾಗಿಸಬೇಕಾಗಿತ್ತು. ವಿಯೆನ್ನಾ ನಗರದಿಂದ ಹೊರಟು ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ರಸವನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ದಸ್ತಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಲಾಯಿತು. ಭಾರತದಲ್ಲಿ ಈ ರಕ್ಷಣೆಯು ಫಲಿಸಿದ ಮೊದಲ ಮಗು ಅದು. ಅಲ್ಲಿಂದ ಅದು ಮದರಾಸು, ಹೈದರಾಬಾದು ಮೊದಲಾದ ಕಡೆಗಳಿಗೆ ಹಬ್ಬಿತು. ನಮ್ಮ ಹಿರಿಯರು ಇದನ್ನೇ ದಾಕು ಹಾಕಿಸುವುದು ಎಂದು ಕರೆದರು.

ಜನ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಯಾವ ಜಾತಿಯದೋ ತಿಳಿಯದ ಮಗುವಿನ ಮೈಯ ರಸವು ತಮ್ಮ ಮಗುವಿನ ಮೈಯನ್ನು ಸೇರುವುದೆಂದರೆ ಆಚಾರವಂತರಿಗೆ ಅಸಹ್ಯವಾಗಿತ್ತು. ಬೊಕ್ಕೆಯಿಂದ ರಸ ತೆಗೆಯುವಾಗ ತಮ್ಮ ಮಗುವಿಗೆ ನೋವಾಗುವುದೆಂದು ತಾಯಂದಿರು ಎಂಟನೆಯ ದಿನ ಮಗುವನ್ನು ಬಚ್ಚಿಡುತ್ತಿದ್ದರು. ದೇವಿಯು ಮುನಿಯುವಳೆಂಬ ಭೀತಿ ಬೇರೆ. ಕಂಪನಿಯವರ ಗುರುತು ತೋಳಿನ ಮೇಲೆ ಬೀಳುವುದೆಂಬ ಶಂಕೆಯೂ ಇತ್ತು. ಈ ಅಂಜಿಕೆಗಳೆಲ್ಲವೂ ಹುರುಳಿಲ್ಲದುವೆಂದು ನಗುವುದು ನ್ಯಾಯವಲ್ಲ. ತೋಳಿನಿಂದ ತೋಳಿಗೆ ಸಾಗುವಾಗ ಬೇರೆ ರೋಗಗಳೂ ಹರಡಬಹುದೆಂಬುದು ಮುಂದೆ ವೈದ್ಯರಿಗೇ ಮನದಟ್ಟಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರುಗಳ ಮೈಯಿಂದ ರಸ ತೆಗೆಯುವ ಕ್ರಮವು ಬಳಕೆಗೆ ಬಂದುದು ಈ ಕಾರಣದಿಂದಲೇ. ಜನರನ್ನು ಒಲಿಸಲು ಆಂಗ್ಲ ಅಧಿಕಾರಿಗಳಲ್ಲಿ ಕೆಲವರು ಪ್ರಾಚೀನವೆಂದು ತೋರುವಂತೆ ದೇಶಭಾಷೆಗಳಲ್ಲಿ ಬರೆಹಗಳನ್ನು ಹೊಸದಾಗಿ ರಚಿಸಿದ್ದೂ ಉಂಟು. ಒಳ್ಳೆಯ ಉದ್ದೇಶವೆಂದು ಇಂತಹ ಸುಳ್ಳನ್ನು ಮೆಚ್ಚಲಾಗದು.

ಮೈಸೂರಿನಲ್ಲಿ ನಡೆದುದು ಬೇರೆ ಬಗೆ. 1805ರ ಸುಮಾರಿಗೆ ಬಾಲಕ ಕೃಷ್ಣರಾಜನಿಗೆ ವಧುವಾಗಿ ದೇವಾಜಮ್ಮಣ್ಣಿ ಎಂಬ ಕನ್ಯೆಯು ಅರಮನೆಗೆ ಬಂದಳು. ವಧೂವರರಿಬ್ಬರೂ 12 ವರ್ಷದ ಆಸುಪಾಸಿನವರು. ಆ ಎಳೆಯ ರಾಣಿಗೆ ಗೋಸಿಡುಬಿನ ರಸವನ್ನು ಹಾಕಲಾಯಿತು. ಆಗ ಮಾರ್ಕ್ ವಿಲ್ಕ್ಸ್ ಮೈಸೂರಿನ ರೆಸಿಡೆಂಟನಾಗಿದ್ದನು; ಪೂರ್ಣಯ್ಯನವರು ಆಡಳಿತದ ಸೂತ್ರವನ್ನು ಹಿಡಿದಿದ್ದರು. ಇವರಿಬ್ಬರ ಪ್ರೇರಣೆಯೂ ಇದರ ಹಿಂದೆ ಇದ್ದಿರಬೇಕು. ಆದರೆ ಪರಪುರುಷರ ಕಣ್ಣಿಗೂ ಬೀಳದ ಅಂತಃಪುರದಲ್ಲಿ, ಹಿರಿಯ ರಾಣಿಯವರ ಸಮ್ಮತಿಯಿಲ್ಲದೆ ಒಬ್ಬ ಸೊಸೆಯ ತೋಳಿಗೆ ಪರದೇಶದ ಔಷಧವು ಮುಟ್ಟುವುದು ಸಾಧ್ಯವಿರಲಿಲ್ಲವೆಂದು ನಾವು ಧೈರ್ಯವಾಗಿ ಹೇಳಬಹುದು. ಅನಾಹುತವಾಗಿದ್ದರೆ ಅಪವಾದವು ಅವರ ತಲೆಯ ಮೇಲೆಯೇ ಬೀಳುತ್ತಿತ್ತು. ಸಿಡುಬಿನಿಂದ ಮಗನನ್ನು ಕಳೆದುಕೊಂಡಿದ್ದ ಆ ತಾಯಿಯು ಎರಡು ಭಯಗಳನ್ನು ತೂಗಿ ನೋಡಿ ಒಂದನ್ನು ಆರಿಸಿದರು.

1806ರ ಜುಲೈನ ದಾಖಲೆಯೊಂದು ಇದರ ಪರಿಣಾಮವನ್ನು ತಿಳಿಸುತ್ತದೆ. ರಾಣಿಗೆ ದಾಕು ಹಾಕಿಸಿದ ಸಂಗತಿಯು ಪ್ರಜೆಗಳ ಮೇಲೆ ಹಿತವಾದ ಪ್ರಭಾವವನ್ನು ಬೀರಿತೆಂದೂ ಹಲವರು ತಾವಾಗಿಯೇ ಮುಂದೆ ಬಂದರೆಂದೂ ಅದರಿಂದ ಗೊತ್ತಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಾಖಲೆಯು ಹೇಳುವುದು ದಂಡದ ಮಾತನ್ನಲ್ಲ, ಮೇಲ್ಪಂಕ್ತಿಯ ಮಾತನ್ನು. ಅರಮನೆಯ ಮಗುವಿಗೆ ಆಗದ ಕೇಡು ತಮ್ಮ ಮಗುವಿಗೂ ಆಗದೆಂದು ಪ್ರಜೆಗಳು ತಾವೇ ತೀರ್ಮಾನಿಸಿಕೊಂಡರು.

ಮುಂದೆ ಲೋಕವು ಬೇರೊಂದು ಹಾದಿಯನ್ನೂ ಹಿಡಿಯಿತು. ಇಂಗ್ಲೆಂಡಿನಲ್ಲಿ 1853ರಲ್ಲಿ ಶಿಶುಗಳಿಗೆ ಸಿಡುಬು ಹಾಕಿಸುವುದನ್ನು ಕಡ್ಡಾಯ ಮಾಡಿದರು. ತಪ್ಪಿದ ತಂದೆತಾಯಿಗಳು ಜುಲ್ಮಾನೆ ತೆರಬೇಕಾಯಿತು. ಬಡವರೇ ಹೆಚ್ಚಾಗಿ ದಂಡನೆಗೆ ಗುರಿಯಾದರು. 1885ರಲ್ಲಿ ಲೆಸ್ಟರ್ ನಗರದಲ್ಲಿ ದೊಡ್ಡದೊಂದು ಪ್ರತಿಭಟನೆ ನಡೆಯಿತು. ಕೊನೆಗೆ 1898ರಲ್ಲಿ, ಮನಸ್ಸಾಕ್ಷಿಗೆ ಒಪ್ಪದವರಿಗೆ ವಿನಾಯಿತಿ ಕೊಡಬೇಕಾಯಿತು. ಭಾರತದಲ್ಲಿ 1880ರ ಶಾಸನವು ಪುರಸಭೆ ಮತ್ತು ದಂಡುಪ್ರದೇಶಗಳಲ್ಲಿ ಮಕ್ಕಳಿಗೆ ದಾಕು ಹಾಕಿಸುವುದನ್ನು ಕಡ್ಡಾಯ ಮಾಡಲು ಅವಕಾಶವನ್ನು ಕೊಟ್ಟಿತು. ಕಡ್ಡಾಯದ ಪಕ್ಷದವರ ವಾದದಲ್ಲಿ ಬಲವಿತ್ತು: ಒಂದು ಮನೆಯವರ ನಿರಾಕರಣೆಯಿಂದ ಸಾಯುವ ಮಗು ನೆರೆಮನೆಯದೂ ಆಗಿರಬಹುದು. ಎದುರು ಪಕ್ಷದವರ ವಾದವೂ ಬರಿದಾಗಿರಲಿಲ್ಲ: ತನ್ನ ಮಗುವಿನ ಮೈಗೆ ಏನು ಸೇರುತ್ತಿದೆಯೆಂದು ಕೇಳುವ ಹಕ್ಕು ಹೆತ್ತವರಿಗಿಲ್ಲದೆ ಇನ್ನಾರಿಗಿದೆ? ಸಿಡುಬಿನ ಮಟ್ಟಿಗೆ ಈ ವಿವಾದವು ಮುಗಿದಿದೆ. ಭಾರತದಲ್ಲಿ ಕೊನೆಯ ಸಿಡುಬು 1975ರಲ್ಲಿ ಕಂಡುಬಂದಿತು. 1980ರಲ್ಲಿ ಲೋಕವೆಲ್ಲವೂ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ರಾಜಾಜಿನಗರದಲ್ಲಿಯೋ ಕೆಂಗೇರಿಯಲ್ಲಿಯೋ ವಾಸಿಸುವ ಅಜ್ಜಿಯರ ತೋಳಿನ ಮೇಲೆ ದುಂಡಗಿನ ಕಲೆಯನ್ನು ಇಂದಿಗೂ ನೋಡಬಹುದು. ಮೊಮ್ಮಕ್ಕಳಿಗೆ ಸಿಡುಬಿನ ಆ ಕಲೆಯಿಲ್ಲ.

ಬೇರೆ ರೋಗಗಳ ವಿಷಯದಲ್ಲಿ ಚರ್ಚೆಯು ನಿಂತಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳ ಲಸಿಕೆಯನ್ನು 15 ವರ್ಷದೊಳಗಿನ ಮಕ್ಕಳಿಗೆ ಹಾಕುವ ಅಭಿಯಾನವು ಕರ್ನಾಟಕದ ಶಾಲೆಗಳಲ್ಲಿ ಆರಂಭವಾದಾಗ ಹಲವು ವದಂತಿಗಳು ಹಬ್ಬಿದುವು. ಮಕ್ಕಳನ್ನು ಆ ದಿನ ಶಾಲೆಗೆ ಕಳುಹಿಸಲು ಅಳುಕಿದ ಪೋಷಕರಿದ್ದರು. ಎಂಟನೆಯ ದಿನ ಮಗುವನ್ನು ಬಚ್ಚಿಟ್ಟ ಹಿಂದಿನ ತಾಯಂದಿರಿಗಿಂತ ಇವರು ತೀರ ಬೇರೆಯವರೆಂದು ತೋರುವುದಿಲ್ಲ. ಅಂಥವರ ಮನೆಯ ಬಾಗಿಲಿಗೆ ಹೋಗಿ ತಿಳಿಯ ಹೇಳುವ ಕೆಲಸವು ಆರೋಗ್ಯ ಕಾರ್ಯಕರ್ತೆಯರ ಪಾಲಿಗೆ ಬಂದಿತು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಸ್ವರ್ಗಸ್ಥರಾದರು. ಮರುವರ್ಷವೇ ಪೂರ್ಣಯ್ಯನವರು ಅಧಿಕಾರವನ್ನು ಬಿಟ್ಟುಕೊಟ್ಟರು. ಮೊಮ್ಮಗನು ಸ್ವತಃ ಆಳತೊಡಗಿದನು. 1831ರಲ್ಲಿ ಇಂಗ್ಲಿಷರು ಅವನಿಂದ ಆಡಳಿತವನ್ನು ಕಸಿದುಕೊಂಡರು. ಅಜ್ಜಿಯು ಅದನ್ನು ಕಾಣಲಿಲ್ಲವೆಂಬುದೊಂದು ಸಮಾಧಾನ. ಸಿಡುಬಿನಿಂದ 22ರಲ್ಲೇ ತೀರಿಕೊಂಡ ತಂದೆಯ ಆ ಮಗನು 1868ರವರೆಗೆ, 73 ವರ್ಷಗಳ ಕಾಲ ಬಾಳಿದನು.

ಅವರ ಕಾಲದ ಒಂದು ಚಿತ್ರವು ಉಳಿದುಬಂದಿದೆ. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರನು 1805ರ ಸುಮಾರಿಗೆ ಮೈಸೂರಿನಲ್ಲಿ ಬರೆದ ಆ ತೈಲಚಿತ್ರದಲ್ಲಿ ಆಭರಣಭೂಷಿತರಾದ ಮೂವರು ಸ್ತ್ರೀಯರಿದ್ದಾರೆ. ಅವರನ್ನು ಬಹುಕಾಲ ನರ್ತಕಿಯರೆಂದು ಭಾವಿಸಲಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯದಲ್ಲಿ ಮೂವರೂ ಮೈಸೂರಿನ ರಾಣಿಯರು. ನಡುವೆ ನಿಂತಿರುವವರು ಲಕ್ಷ್ಮಮ್ಮಣ್ಣಿಯವರು. ಎಡಗಡೆಯ ಯುವತಿಯ ಮೂಗು ಬಾಯಿಗಳ ಸುತ್ತ ಬಣ್ಣ ಕೊಂಚ ಮಾಸಿದೆ. ಅದು ಹಳೆಯ ಪದ್ಧತಿಯ ಸಿಡುಬಿನ ಗುರುತಿರಬಹುದೆಂದು ಅವರು ಊಹಿಸುತ್ತಾರೆ. ಬಲಗಡೆಯ ಕಿರಿಯಳು ಸೀರೆಯ ಸೆರಗನ್ನು ಬಲಗೈಯಿಂದ ಕೊಂಚ ಸರಿಸಿ, ದಾಕು ಹಾಕುವ ಜಾಗವಾದ ಮೇಲ್ತೋಳನ್ನು ನೋಡುವವರಿಗೆ ಕಾಣುವಂತೆ ಹಿಡಿದಿದ್ದಾಳೆ.