ಅಕ್ವೇರಿಯಂನಲ್ಲಿ ಮೀನುಗಳು ಕಿತ್ತಾಡುವುದೇಕೆ? ಉತ್ತರ ಹುಡುಕಿದ ನೊಬೆಲ್ ವಿಜ್ಞಾನಿ ಕಾನ್ರಾಡ್ ಲೊರೆಂಜ್ ಬದುಕಿನ ಕಥೆ

ಥಾಣೆ, ಡೊಂಬಿವಲಿ, ಕಲ್ಯಾಣ ಅಥವಾ ನವಿ ಮುಂಬೈನ ಫ್ಲ್ಯಾಟ್‌ನಲ್ಲಿ ಉಪ್ಪುನೀರಿನ ಪುಟ್ಟ ಅಕ್ವೇರಿಯಂ ಇಟ್ಟವರಿಗೆ ಈ ತಲೆನೋವು ಹೊಸದಲ್ಲ. ದುಬಾರಿ ಬೆಲೆ ತೆತ್ತು ತಂದ ಮೀನನ್ನು ಸಂಜೆ ತೊಟ್ಟಿಗೆ ಬಿಟ್ಟಿರುತ್ತಾರೆ. ಬೆಳಗಾಗುವಷ್ಟರಲ್ಲಿ ಅದರ ಈಜುರೆಕ್ಕೆ ಹರಿದು ಚಿಂದಿಯಾಗಿರುತ್ತದೆ. ಕೆಲವೊಮ್ಮೆ ಮೀನೇ ಸತ್ತಿರುತ್ತದೆ. ನೀರಿನ ಉಪ್ಪಿನಂಶ ಸರಿಯಿದೆ, ಉಷ್ಣಾಂಶ ಸರಿಯಿದೆ, ಆಹಾರಕ್ಕೂ ಕೊರತೆಯಿಲ್ಲ. ಹಾಗಿದ್ದರೂ ಹಳೆಯ ಮೀನು ಹೊಸದನ್ನು ಕೊಂದಿದ್ದೇಕೆ?

ಇದೇ ಪ್ರಶ್ನೆ ಹಿಡಿದು ಗಾಜಿನ ತೊಟ್ಟಿಗಳ ಮುಂದೆ ವರ್ಷಗಟ್ಟಲೆ ಕಳೆದವರು ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಕಾನ್ರಾಡ್ ಲೊರೆಂಜ್. 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅವರ ಬದುಕಿನಲ್ಲಿ ಸಾಧನೆಯಷ್ಟೇ ವಿವಾದವೂ ಇದೆ. ಮೀನುಗಳನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಅವರು ಮನುಷ್ಯರ ವಿಷಯದಲ್ಲಿ ದೊಡ್ಡದಾಗಿಯೇ ಎಡವಿದ್ದರು.

ಬಾತುಕೋಳಿ ಮರಿಗಳ ಹಿಂದೆ

ಲೊರೆಂಜ್ ಹುಟ್ಟಿದ್ದು 1903ರ ನವೆಂಬರ್ 7ರಂದು, ವಿಯೆನ್ನಾದಲ್ಲಿ. ತಂದೆ ಅಡಾಲ್ಫ್ ಲೊರೆಂಜ್ ಹೆಸರಾಂತ ಮೂಳೆ ಶಸ್ತ್ರಚಿಕಿತ್ಸಕ. ಡ್ಯಾನ್ಯೂಬ್ ನದಿಯ ಸಮೀಪದ ಆಲ್ಟನ್‌ಬರ್ಗ್‌ನಲ್ಲಿದ್ದ ಅವರ ದೊಡ್ಡ ಮನೆಯಲ್ಲಿ ಹುಡುಗ ತಂದು ಸಾಕಿದ ಪ್ರಾಣಿ, ಪಕ್ಷಿ, ಮೀನುಗಳಿಗೆ ಲೆಕ್ಕವೇ ಇರಲಿಲ್ಲ. ಅವನ ಬೆನ್ನು ಬಿಡದೆ ಓಡಾಡುತ್ತಿದ್ದ ಬಾತುಕೋಳಿ ಮರಿಗಳೇ ಅವನ ಮೊದಲ ಪಾಠ.

ಮಗ ತನ್ನಂತೆ ವೈದ್ಯನಾಗಲಿ ಎಂಬುದು ತಂದೆಯ ಆಸೆ. ಅದರಂತೆ ಲೊರೆಂಜ್ 1928ರಲ್ಲಿ ವೈದ್ಯಕೀಯ ಪದವಿ ಪಡೆದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ, 1933ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಕೂಡ ಪಡೆದರು. ಮೊಟ್ಟೆಯಿಂದ ಹೊರಬಂದ ಹೆಬ್ಬಾತಿನ ಮರಿಗಳು ಮೊದಲು ಕಣ್ಣಿಗೆ ಬಿದ್ದ ಚಲಿಸುವ ಜೀವಿಯನ್ನೇ ತಾಯಿ ಎಂದು ನಂಬಿ ಹಿಂಬಾಲಿಸುವುದನ್ನು ಅವರು ವಿವರವಾಗಿ ಅಧ್ಯಯನ ಮಾಡಿದರು. ಇಂಪ್ರಿಂಟಿಂಗ್ ಎಂದು ಕರೆಯುವ ಈ ವರ್ತನೆಯೇ ಅವರಿಗೆ ಹೆಸರು ತಂದುಕೊಟ್ಟಿತು. ಹೆಬ್ಬಾತುಗಳ ಸಾಲಿನ ಮುಂದೆ ನಡೆಯುವ ಗಡ್ಡದ ಮನುಷ್ಯನ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣಸಿಗುತ್ತದೆ.

ಅಳಿಸಲಾಗದ ಕಲೆ

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ. ಅದೇ ವರ್ಷ ಲೊರೆಂಜ್ ನಾಜಿ ಪಕ್ಷ ಸೇರಿದರು. ಸಾಕುಪ್ರಾಣಿಗಳು ಕಾಡುಪ್ರಾಣಿಗಳ ಗುಣ ಕಳೆದುಕೊಳ್ಳುವಂತೆ ನಾಗರಿಕ ಮನುಷ್ಯನೂ ಕ್ಷೀಣಿಸುತ್ತಾನೆ ಎಂದು 1940ರ ಪ್ರಬಂಧದಲ್ಲಿ ವಾದಿಸಿದರು. ಅದರಲ್ಲಿ ಬಳಸಿದ್ದು ನಾಜಿಗಳ ಜನಾಂಗ ಶುದ್ಧಿಯ ಭಾಷೆ. ಪ್ರಾಣಿಗಳಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯರ ಮೇಲೆ ಹೇರಿದ್ದ ಆ ಬರಹ ಅವರನ್ನು ಕೊನೆಯವರೆಗೂ ಕಾಡಿತು.

1941ರಲ್ಲಿ ಸೇನೆಗೆ ಸೇರ್ಪಡೆಯಾದ ಲೊರೆಂಜ್, 1944ರಲ್ಲಿ ಸೋವಿಯತ್ ಪಡೆಗಳ ಕೈಗೆ ಸಿಕ್ಕಿಬಿದ್ದರು. ಯುದ್ಧಕೈದಿಯಾಗಿದ್ದಾಗಲೂ ಬರೆಯುವುದನ್ನು ಬಿಡಲಿಲ್ಲ. 1948ರಲ್ಲಿ ಬಿಡುಗಡೆಯಾಗಿ ಮನೆಗೆ ಮರಳಿದಾಗ ಅವರ ಜೊತೆಗಿದ್ದದ್ದು ಒಂದು ಹಸ್ತಪ್ರತಿ ಮತ್ತು ಸಾಕಿದ ಸ್ಟಾರ್ಲಿಂಗ್ ಹಕ್ಕಿ. ಇದು ನಮ್ಮ ಗೊರವಂಕದ ಬಳಗದ್ದು.

ಹವಳದ ದಿಬ್ಬದಿಂದ ಗಾಜಿನ ತೊಟ್ಟಿಗೆ

ಮುಂಬೈನ ಮರೀನ್ ಡ್ರೈವ್‌ನಲ್ಲಿ ತಾರಾಪೊರೆವಾಲಾ ಅಕ್ವೇರಿಯಂ ಆರಂಭವಾಗಿದ್ದು 1951ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿ ಲೊರೆಂಜ್‌ಗೆ ಸಂಶೋಧನಾ ಕೇಂದ್ರ ಒದಗಿಸಿತು. ಮುಂದೆ ಬವೇರಿಯಾದ ಜೀವೀಸನ್‌ನಲ್ಲಿ ನೆಲೆಗೊಂಡ ಸಂಸ್ಥೆಯಲ್ಲಿ ಅವರು ಹವಳದ ಮೀನುಗಳ ಅಧ್ಯಯನಕ್ಕೆ ಇಳಿದರು.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿದವರಿಗೆ ಇಂಥ ಮೀನುಗಳ ಬಣ್ಣದ ಪರಿಚಯ ಇದ್ದೇ ಇರುತ್ತದೆ. ಲೊರೆಂಜ್ ಅವುಗಳನ್ನು ಫ್ಲಾರಿಡಾದ ಸಮುದ್ರದಲ್ಲಿ ಈಜಿ ನೋಡಿದರು. ಬೇರೆ ಬೇರೆ ಜಾತಿಯ ಮೀನುಗಳು ಅಕ್ಕಪಕ್ಕದಲ್ಲೇ ತಣ್ಣಗಿದ್ದವು. ಆದರೆ ತನ್ನದೇ ಜಾತಿಯ ಮತ್ತೊಂದು ಮೀನು ಹತ್ತಿರ ಬಂದರೆ ಸಾಕು, ಮುಗಿಬೀಳುತ್ತಿದ್ದವು. ಪ್ರಯೋಗಾಲಯದ ತೊಟ್ಟಿಯಲ್ಲಿ ಇದೇ ಜಗಳ ಇನ್ನೂ ಭೀಕರವಾಗಿತ್ತು. ಒಂದೇ ಜಾತಿಯ ಹಲವು ಮೀನು ಬಿಟ್ಟರೆ ಕೊನೆಗೆ ಉಳಿಯುತ್ತಿದ್ದದ್ದು ಬಲಿಷ್ಠವಾದ ಒಂದೇ.

ಕಾರಣ ಏನು? ಡೊಂಬಿವಲಿ ಸ್ಟೇಷನ್ ಹೊರಗೆ ವಡಾಪಾವ್ ಗಾಡಿ ಮತ್ತು ಚಪ್ಪಲಿ ಹೊಲಿಯುವವರು ಪಕ್ಕಪಕ್ಕದಲ್ಲಿದ್ದರೆ ತಕರಾರಿಲ್ಲ. ಆದರೆ ಎರಡು ವಡಾಪಾವ್ ಗಾಡಿ ಒಟ್ಟಿಗೆ ನಿಂತರೆ ಇಬ್ಬರ ವ್ಯಾಪಾರಕ್ಕೂ ಹೊಡೆತ. ಮೀನಿನ ಲೋಕದಲ್ಲೂ ಅಷ್ಟೇ. ತನ್ನದೇ ಆಹಾರ, ತನ್ನದೇ ಅಡಗುತಾಣ, ತನ್ನದೇ ಸಂಗಾತಿಗೆ ಪೈಪೋಟಿ ಕೊಡುವುದು ಸ್ವಂತ ಜಾತಿಯ ಮೀನೇ. ಅದನ್ನು ಓಡಿಸಿದರೆ ದಿಬ್ಬದಲ್ಲಿ ಎಲ್ಲರಿಗೂ ಒಂದೊಂದು ಜಾಗ ಸಿಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಸಮುದ್ರದಲ್ಲಿ ಸೋತ ಮೀನು ಗಡಿ ದಾಟಿ ಓಡಿಹೋದರೆ ಜಗಳ ಮುಗಿಯಿತು. ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಓಡಿಹೋಗಲು ಜಾಗವೇ ಇಲ್ಲ. ಸೋತರೂ ಎದುರಿಗೇ ಇರುವ ಮೀನು ಗೆದ್ದವನ ಕಣ್ಣಿಗೆ ಇನ್ನೂ ಎದುರಾಳಿಯೇ. ಸಮುದ್ರದಲ್ಲಿ ಜೀವ ಉಳಿಸುವ ಸ್ವಭಾವ ಗಾಜಿನೊಳಗೆ ಕೊಲ್ಲುವುದು ಹೀಗೆ.

ಪಾಚಿ ಕಟ್ಟಿದ ಗಾಜು

ನಮ್ಮ ಕರಾವಳಿಯ ಕರಿಮೀನು ಸಿಕ್ಲಿಡ್ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಮೀನುಗಳಲ್ಲಿ ಲೊರೆಂಜ್ ಮತ್ತೊಂದು ವಿಚಿತ್ರ ಕಂಡರು. ಒಂದೇ ತೊಟ್ಟಿಯ ನಡುವೆ ಗಾಜು ನಿಲ್ಲಿಸಿ ಎರಡೂ ಬದಿ ಒಂದೊಂದು ಜೋಡಿ ಇಟ್ಟರೆ, ಗಂಡುಗಳು ಗಾಜಿನಾಚೆಯ ಗಂಡಿನ ಮೇಲೆ ಸಿಟ್ಟು ತೀರಿಸಿಕೊಂಡು ತಮ್ಮ ಸಂಗಾತಿಯೊಂದಿಗೆ ಸುಖವಾಗಿರುತ್ತಿದ್ದವು. ಗಾಜಿಗೆ ಪಾಚಿ ಕಟ್ಟಿ ಪಕ್ಕದವರು ಕಾಣದಂತಾದರೆ ಆ ಸಿಟ್ಟು ಹೆಣ್ಣಿನ ಮೇಲೆ ತಿರುಗುತ್ತಿತ್ತು. ಗಾಜು ಒರೆಸಿದರೆ ಮನೆಯಲ್ಲಿ ಮತ್ತೆ ಶಾಂತಿ!

ಅವರ ಗೆಳೆಯ, ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನುಗಳ ಮೇಲೆ ಪ್ರಯೋಗ ನಡೆಸಿದ್ದರು. ತನ್ನ ಜಾಗದಲ್ಲಿದ್ದಾಗ ಹುಲಿಯಂತೆ ಎಗರುವ ಮೀನು, ಎದುರಾಳಿಯ ಜಾಗಕ್ಕೆ ಹೋದರೆ ಹೆದರಿ ಹಿಂದೆ ಸರಿಯುತ್ತಿತ್ತು.

ಇಂದು ಉಪ್ಪುನೀರಿನ ಅಕ್ವೇರಿಯಂ ಸಾಕುವವರು ಪಾಲಿಸುವ ಹಲವು ನಿಯಮಗಳ ಹಿಂದೆ ಇದೇ ಲೆಕ್ಕವಿದೆ.

ಪುಟ್ಟ ತೊಟ್ಟಿಗೆ ಕ್ಲೌನ್ ಫಿಶ್ ಒಂದು ಜೋಡಿಗಿಂತ ಹೆಚ್ಚು ಬೇಡ.

ಸಾಧು ಮೀನುಗಳನ್ನು ಮೊದಲು ಬಿಟ್ಟು, ಡ್ಯಾಮ್ಸೆಲ್‌ನಂಥ ಜಗಳಗಂಟಿಗಳನ್ನು ಕೊನೆಗೆ ಬಿಡಬೇಕು.

ಹೊಸ ಮೀನು ಬಿಡುವ ಮುನ್ನ ಕಲ್ಲುಗಳ ಜೋಡಣೆ ಬದಲಿಸಿದರೆ ಹಳೆಯ ಮೀನಿನ ಯಜಮಾನಿಕೆ ಸಡಿಲಾಗುತ್ತದೆ.

ಅಡಗಲು ಸಂದುಗೊಂದುಗಳು ಹೆಚ್ಚಿದ್ದಷ್ಟೂ ಒಳ್ಳೆಯದು.

ಮೀನಿನಿಂದ ಮನುಷ್ಯನಿಗೆ ಹಾರಿದಾಗ

ಈ ಎಲ್ಲ ಅವಲೋಕನಗಳನ್ನು ಸೇರಿಸಿ 1963ರಲ್ಲಿ ಲೊರೆಂಜ್ ಆಕ್ರಮಣಶೀಲತೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. 1966ರಲ್ಲಿ ಆನ್ ಅಗ್ರೆಶನ್ ಹೆಸರಿನಲ್ಲಿ ಇಂಗ್ಲಿಷ್‌ಗೆ ಬಂದ ಅದು ಜಗತ್ತಿನಾದ್ಯಂತ ಸದ್ದು ಮಾಡಿತು. ಸಿಟ್ಟು ಎಂಬುದು ಒಳಗೇ ತುಂಬುತ್ತಾ ಹೋಗುತ್ತದೆ, ಹೊರಹಾಕಲು ದಾರಿ ಬೇಕು, ಮನುಷ್ಯನೂ ಇದಕ್ಕೆ ಹೊರತಲ್ಲ ಎಂಬುದು ಅವರ ವಾದವಾಗಿತ್ತು.

ಟೀಕೆ ಬರಲು ತಡವಾಗಲಿಲ್ಲ. ಸಿಟ್ಟು ಟ್ಯಾಂಕಿಯಲ್ಲಿ ತುಂಬುವ ನೀರಿನಂತಲ್ಲ ಎಂದು ಅನೇಕ ವಿಜ್ಞಾನಿಗಳು ಅಲ್ಲಗಳೆದರು. ಪಾಚಿಯನ್ನು ಬೆಳೆಯಂತೆ ಕಾಯುವ ಡ್ಯಾಮ್ಸೆಲ್‌ಗಳು ಅದನ್ನು ಮೇಯಲು ಬರುವ ಬೇರೆ ಜಾತಿಯ ಮೀನುಗಳನ್ನೂ ಓಡಿಸುತ್ತವೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಗೊತ್ತಾಯಿತು. ಯುದ್ಧದ ಪ್ರವೃತ್ತಿ ಪ್ರಾಣಿ ಪೂರ್ವಜರಿಂದ ಬಂದ ಬಳುವಳಿ ಎನ್ನುವುದು ವೈಜ್ಞಾನಿಕವಾಗಿ ತಪ್ಪು ಎಂದು 1986ರ ಸೆವಿಲ್ ಹೇಳಿಕೆಯಲ್ಲಿ ವಿಜ್ಞಾನಿಗಳ ತಂಡ ಸ್ಪಷ್ಟಪಡಿಸಿತು.

1973ರಲ್ಲಿ ಟಿನ್‌ಬರ್ಗನ್ ಮತ್ತು ಜೇನ್ನೊಣಗಳ ಭಾಷೆ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಜೊತೆ ಲೊರೆಂಜ್ ನೊಬೆಲ್ ಹಂಚಿಕೊಂಡಾಗ ನಾಜಿ ಕಾಲದ ಬರಹ ಮತ್ತೆ ಮುನ್ನೆಲೆಗೆ ಬಂತು. ನೊಬೆಲ್‌ಗಾಗಿ ಬರೆದ ಆತ್ಮಕಥನದಲ್ಲಿ ಅವರು ಆ ಬರಹಕ್ಕಾಗಿ ವಿಷಾದ ವ್ಯಕ್ತಪಡಿಸಿದರು. ವಿಷಾದ ಸಾಲದು ಎಂದವರೂ ಇದ್ದರು.

ನಿವೃತ್ತಿಯ ನಂತರ ಲೊರೆಂಜ್ ಆಲ್ಟನ್‌ಬರ್ಗ್‌ಗೆ ಮರಳಿ, ದೊಡ್ಡ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಮೀನುಗಳನ್ನು ನೋಡುತ್ತಾ ಕಾಲ ಕಳೆದರು. ಡ್ಯಾನ್ಯೂಬ್ ದಡದ ಕಾಡು ಉಳಿಸಲು 1980ರ ದಶಕದಲ್ಲಿ ಆಸ್ಟ್ರಿಯನ್ನರು ನಡೆಸಿದ ಸಹಿ ಅಭಿಯಾನಕ್ಕೆ ಅವರ ಹೆಸರನ್ನೇ ಇಡಲಾಗಿತ್ತು. 1989ರ ಫೆಬ್ರವರಿ 27ರಂದು, 85ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 2015ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯ ನಾಜಿ ನಂಟಿನ ಕಾರಣಕ್ಕೆ ಅವರ ಗೌರವ ಡಾಕ್ಟರೇಟ್ ಹಿಂಪಡೆಯಿತು.

ತೊಟ್ಟಿಯ ಮೀನಿಗೆ ಬೇರೆ ದಾರಿಯಿಲ್ಲ, ಅದರ ಜಾಗ ನಿರ್ಧರಿಸುವವರು ಅದನ್ನು ಸಾಕುವವರು. ಮನುಷ್ಯ ಹಾಗಲ್ಲ, ಯೋಚಿಸಬಲ್ಲ, ಮಾತಾಡಬಲ್ಲ, ಜಾಗ ಹಂಚಿಕೊಳ್ಳಬಲ್ಲ. ಲೊರೆಂಜ್ ಮೀನುಗಳ ಬಗ್ಗೆ ಹೇಳಿದ್ದರಲ್ಲಿ ಬಹುಪಾಲು ಇಂದಿಗೂ ಅಕ್ವೇರಿಯಂ ಸಾಕುವವರ ಕೆಲಸಕ್ಕೆ ಬರುತ್ತದೆ. 1940ರಲ್ಲಿ ಮನುಷ್ಯರ ಬಗ್ಗೆ ಬರೆದದ್ದು ಮಾತ್ರ ಅವರು ಸತ್ತು 26 ವರ್ಷಗಳಾದ ಮೇಲೂ ಬೆನ್ನು ಬಿಡಲಿಲ್ಲ.